ಮೊದಲ ತಂಬಿಗೆ

ನಮ್ಮ ಗಲ್ಲಿಗೆ ಒಂದು ಎತ್ತಿನ ಬಂಡಿ ಬಂದರೆ ಎದುರಿನ ಸೈಕಲ್ಲು ಯಾರದಾದರೂ ಮನೆಯೊಳಗೆ ಹೊಕ್ಕು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಅಂಥ ಗಲ್ಲಿಗೆ ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ಒಂದು ಬೋಟು ಬಂತು. ಹುಟ್ಟು ಹಾಕಿ ನಡೆಸುವ ದೋಣಿಯಲ್ಲ, ಎಂಜಿನ್ ಹಚ್ಚಿದರೆ ನೀರು ಸೀಳಿಕೊಂಡು ಓಡುವ ಐದು ಸೀಟಿನ ಫೈಬರ್ ಸ್ಪೀಡ್ ಬೋಟು. ಪಕ್ಕದ ಮನೆಯ ಕಾಶಿರಾಮ ಅದನ್ನು ತನ್ನ ಗೂಡ್ಸ್ ಆಟೋಕ್ಕೆ ಹಗ್ಗದಿಂದ ಬಿಗಿದು, ಅರ್ಧ ಬೋಟು ಹಿಂದೆ ಜೋತಾಡುತ್ತಿರಲು, ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ತಂದಿದ್ದ. ತಿರುವಿನಲ್ಲಿ ನಮ್ಮ ಮನೆಯ ಕಟ್ಟೆ ಒಂದು ಗೇಣು ಕಿತ್ತುಹೋಯಿತು. ನಾನು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಒದರುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಅಂದು ಮನಸಾರೆ ಒದರಿದೆ.

ಆಟೋದ ಹಿಂದೆ ನಡೆದು ಬರುತ್ತಿದ್ದ ಕಾಶಿರಾಮನ ಹೆಂಡತಿ ಶೇವಂತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರು ನಿಂತಳು.

“ಕಟ್ಟಿ ನಾ ಮಾಡಿ ಕೊಡ್ತೀನ್ರಿ ಕಂಡಕ್ಟರ್ ಸಾಬ್ರ. ಮೊದಲು ನೀವು ಸರೀರಿ, ಬೋಟಿಗೆ ನಿಮ್ಮ ಹೊಟ್ಟಿ ಅಡ್ಡ ಬರಾಕತ್ತದ.”

ಗಲ್ಲಿ ನಕ್ಕಿತು. ನಾನು ಸರಿದೆ, ಸರಿಯದೆ ಬೇರೆ ದಾರಿಯೂ ಇರಲಿಲ್ಲ.

ಬೋಟಿನ ಅವಸ್ಥೆ ಹೇಳತೀರದು. ಯಾವುದೋ ಊರಿನ ಮುಚ್ಚಿದ ರೆಸಾರ್ಟಿನ ಮಾಲು. ಹುಮನಾಬಾದಿನ ಪೀರ್ ಪಾಷಾನ ಗುಜರಿಯಲ್ಲಿ ಎಂಟು ವರ್ಷ ಬಿದ್ದಿತ್ತು. ಹೊಟ್ಟೆಯಲ್ಲಿ ಕೈ ತೂರುವಷ್ಟು ತೂತು, ಡ್ರೈವರ್ ಕೂರುವಲ್ಲಿ ಒಂದು ಅರಳಿ ಸಸಿ. ಪೀರ್ ಪಾಷಾ ಅದರೊಳಗೆ ಕೋಳಿ ಸಾಕಿದ್ದನಂತೆ, ವಾಸನೆಯಿಂದಲೇ ತಿಳಿಯುತ್ತಿತ್ತು.

ಶೇವಂತಾಬಾಯಿಯನ್ನು ಹೊಸದಾಗಿ ನೋಡುವವರಿಗೆ ಇದು ಹುಚ್ಚು ಅನ್ನಿಸಬೇಕು. ನಾನು ಆಕೆಯನ್ನು ಬಲ್ಲೆ. ಹುಮನಾಬಾದ್ ಹತ್ತಿರದ ಹುಡಗಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಕಾಶಿರಾಮನ ಕೈಹಿಡಿದು ಕಲ್ಯಾಣಕ್ಕೆ ಬಂದವಳು. ಹತ್ತೊಂಬತ್ತು ವರ್ಷ ನನ್ನ ಮುಂಜಾನೆಯ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸಾದವಳು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೈಬರಿನ ನೀರಿನ ಟಾಕಿ ಮಾಡುತ್ತಿದ್ದರು. ಅಚ್ಚಿನ ಮೇಲೆ ಗಾಜಿನ ಎಳೆಯ ಮ್ಯಾಟು ಹಾಸುವುದು, ರೆಸಿನ್ ಎಂಬ ಅಂಟನ್ನು ಬಳಿಯುವುದು, ಒಳಗೆ ಗಾಳಿಗುಳ್ಳೆ ಉಳಿಯದಂತೆ ರೋಲರ್ ಉಜ್ಜುವುದು, ಇದು ಆಕೆಯ ಕೆಲಸ. ಸಂಜೆ ಬಸ್ಸು ಹತ್ತುವಾಗ ಕೈಮೇಲೆಲ್ಲ ಬಿಳಿ ಪುಡಿ ಇರುತ್ತಿತ್ತು. ಆ ಪುಡಿ ತಾಗಿದರೆ ಮೈ ತುರಿಸುತ್ತದೆ ಎಂದು ಆಕೆಯ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಮಂದಿ ಬಾಗಿಲಲ್ಲಿ ಜೋತಾಡುತ್ತಿದ್ದರೂ ಆ ಒಂದು ಸೀಟು ಖಾಲಿ. ಪುಡಿಯ ಕಾರಣಕ್ಕೇ ಎಂದು ನಾನೂ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಆ ಕಾರ್ಖಾನೆಯಲ್ಲಿ ಒಂದು ರಿವಾಜು ಇತ್ತು. ಟಾಕಿ ತಯಾರಾದ ಮೇಲೆ ನೀರು ತುಂಬಿ ಒಂದು ದಿನ ಬಿಡುತ್ತಿದ್ದರು. ಮರುದಿನ ಹೊರಮೈಯಲ್ಲಿ ಒಂದು ಹನಿಯೂ ಒಸರಿರದಿದ್ದರೆ ಅಲ್ಲಿನ ಮುಖ್ಯ ಕೆಲಸಗಾರ ದತ್ತಾತ್ರಿ ಮಿಸ್ತ್ರಿ ಹಿತ್ತಾಳೆಯ ತಂಬಿಗೆಯಲ್ಲಿ ನೀರೆತ್ತಿ ಎಲ್ಲರ ಎದುರು ಒಂದು ಗುಟುಕು ಕುಡಿಯುತ್ತಿದ್ದ. ಹೊಸ ಟಾಕಿಯ ನೀರು ರೆಸಿನ್ ನಾತ ಹೊಡೆಯುತ್ತದೆ, ಆದರೂ ಕುಡಿಯಬೇಕು. ನಾನು ಮಾಡಿದ್ದು, ನಾನೇ ಮೊದಲು ಕುಡಿಯುತ್ತೇನೆ ಎಂದು ಕೊಡುವ ಮಾತು, ಜಬಾನು ಅದು. ಮೊದಲ ತಂಬಿಗೆ ಮಿಸ್ತ್ರಿಯದು.

ಆದರೆ ಮ್ಯಾಟು ಹಾಸುತ್ತಿದ್ದವಳು ಶೇವಂತಾಬಾಯಿ. ಕೆಸರಾಗುತ್ತಿದ್ದುದು ಒಬ್ಬರ ಕೈ, ಮೊಸರು ಇನ್ನೊಬ್ಬರ ಬಾಯಿಗೆ. ಹನ್ನೊಂದನೆಯ ವರ್ಷ ದತ್ತಾತ್ರಿ ಮಗಳ ಮದುವೆಗೆಂದು ಎಂಟು ದಿನ ರಜೆ ಹೋದಾಗ ಒಂದು ದೊಡ್ಡ ಟಾಕಿಯನ್ನು ಆಕೆ ಒಬ್ಬಳೇ ಮುಗಿಸಿದಳು. ಆತ ಬಂದು ತಂಬಿಗೆ ಎತ್ತಿಕೊಂಡಾಗ ಈಕೆ ಕೈ ಚಾಚಿ, “ಇದು ತಳದಿಂದ ಬಾಯಿತನ ನಾ ಮಾಡಿದ್ದದ. ಇವತ್ತಿನ ತಂಬಗಿ ನನಗ ಕೊಡ್ರಿ,” ಎಂದು ಕೇಳಿದಳು.

ದತ್ತಾತ್ರಿ ಕೆಟ್ಟ ಮನುಷ್ಯನಲ್ಲ. ನಕ್ಕು ಹೇಳಿದ: “ನೀ ಕೈ ಆಡಸಾಕಿ, ಶೇವಂತಾ. ಮಿಸ್ತ್ರಿ ನಾನು.”

ಮುಂದಿನ ಎಂಟು ವರ್ಷ ಆಕೆ ಮತ್ತೆ ಕೇಳಲಿಲ್ಲ. ಆಮೇಲೆ ಪ್ಲಾಸ್ಟಿಕ್ ಟಾಕಿಗಳು ಬಂದವು, ಕಾರ್ಖಾನೆ ಬಾಗಿಲು ಹಾಕಿತು. ಆದರೆ ಆ ಮಾತು ಆಕೆಯ ಗಂಟಲಲ್ಲೇ ಉಳಿದಿತ್ತು, ಸಮಯ ಬಂದಾಗಲೆಲ್ಲ ನನಗೆ ಹೇಳುತ್ತಿದ್ದಳು.

ಬೋಟಿನ ಮಾತು ಹೊರಟದ್ದು ಚುಳಕಿನಾಲಾ ಡ್ಯಾಮಿನ ದಂಡೆಯಲ್ಲಿ. ಅಲ್ಲಿನ ಮೀನುಗಾರರು ಥರ್ಮಾಕೋಲ್ ಕಟ್ಟಿದ ತೆಪ್ಪದ ಮೇಲೆ ಬಲೆ ಹಾಕುತ್ತಾರೆ. ಗಾಳಿ ಎದ್ದು ತೆಪ್ಪ ಮಗುಚಿದರೆ ಓಡಿಹೋಗಿ ಎತ್ತಿಕೊಳ್ಳಲು ಒಂದು ಬೋಟು ಇಲ್ಲ. ಅವರ ಸಂಘದ ಅಧ್ಯಕ್ಷ ವೀರಭದ್ರನ ಬಳಿ ಗೋಣಿಚೀಲ ಸುತ್ತಿದ ಹಳೆಯ ಎಂಜಿನ್ ಒಂದಿತ್ತು, ಅಷ್ಟೇ. ಮೀನು ಕೊಳ್ಳಲು ಹೋದ ಶೇವಂತಾಬಾಯಿ ಇದನ್ನು ಕೇಳಿ, “ಬೋಟು ನಾ ಮಾಡಿ ಕೊಡ್ತೀನಿ,” ಎಂದುಬಿಟ್ಟಳು.

ವೀರಭದ್ರ ತಲೆ ಕೆರೆದುಕೊಂಡ. “ಮಂದಿ ಜೀವದ ಮಾತು ಅದ ಅಕ್ಕಾ. ನಿಮ್ಮ ಕಾರ್ಖಾನಿ ದತ್ತಾತ್ರಿ ಮಿಸ್ತ್ರಿ ಬಂದು, ಕುಂತು, ಒಂದು ಸುತ್ತು ಹೊಡದು ಪಾಸ್ ಅಂದ್ರ ತಗೋತೀವಿ.”

“ಬರ್ಲಿ. ಅವರಽ ಬರ್ಲಿ,” ಎಂದಳಂತೆ. ಮನೆಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು: “ಈ ಸಲ ತಂಬಗಿ ನನ್ನ ಕೈಗೆ ಬರಬೇಕ್ರಿ.”

ಪೀರ್ ಪಾಷಾನ ಗುಜರಿಯ ಬೋಟು ಹೀಗೆ ಆಕೆಯ ಅಂಗಳ ಸೇರಿ ಕೆಲಸ ಶುರುವಾಯಿತು. ಬಿಸಿಲೇರಿದರೆ ರೆಸಿನ್ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆಂದು ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದಳು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚಮಚದ ಹಿಂಬದಿಯಿಂದ ಇಡೀ ಬೋಟನ್ನು ಬಡಿದು ನೋಡಿದಳು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತಿತ್ತು, ಒಳಗೆ ಪದರ ಬಿಟ್ಟಲ್ಲಿ ಬದ್ ಅನ್ನುತ್ತಿತ್ತು. ಬದ್ ಅಂದಲ್ಲೆಲ್ಲ ಸುಣ್ಣದ ಗುರುತು ಹಾಕಿ, ಅಷ್ಟನ್ನೂ ಗ್ರೈಂಡರಿನಿಂದ ತರಿದು, ಹೊಸ ಮ್ಯಾಟು ಕೂಡಿಸಿದಳು. ಹಿಂದೆ ಎಂಜಿನ್ ತೂಗುಹಾಕುವ ಹಲಗೆಗೆ ಮಾತ್ರ ಎರಡೂ ಕಡೆ ದಪ್ಪ ತಗಡು ಬಡಿದಿತ್ತು. ಅದು ಎಲ್ಲಿ ಬಡಿದರೂ ಟಣ್ ಅಂದಿತು, ಹಾಗಾಗಿ ಅದನ್ನು ಬಿಟ್ಟಳು.

ರೆಸಿನ್ ನಾತಕ್ಕೆ ನನಗೆ ರೊಟ್ಟಿ ಒಳಗೆ ಇಳಿಯುತ್ತಿರಲಿಲ್ಲ. ಹೋಗಿ ಜಗಳ ತೆಗೆದೆ.

“ನಿಮ್ಮ ಮಾಳಗಿ ಮ್ಯಾಲಿನ ಟಾಕಿ ಎಂದಾದ್ರೂ ಸೋರ್ಯಾದೇನ್ರಿ ಸಾಬ್ರ?” ಎಂದು ರೋಲರ್ ನಿಲ್ಲಿಸದೆ ಕೇಳಿದಳು.

“ಹದಿನಾರು ವರ್ಷ ಆತು, ಒಂದು ಹನಿ ಇಲ್ಲ.”

“ಅದು ಈ ಕೈಯಾಗ ಆದದ್ದು. ನಮ್ಮ ಆಯಿ ಸಣ್ಣಾಕಿ ಇದ್ದಾಗ ಬಾವಿ ಮುಟ್ಟಂಗ ಇರಲಿಲ್ಲ. ಯಾರರೆ ಬಂದು ಮ್ಯಾಲಿಂದ ನೀರು ಸುರುವುತನಾ ಕೊಡ ಹಿಡಕೊಂಡು ಬಿಸಲಾಗ ನಿಂದರತಿದ್ದಳಂತ. ಈಗ ಅರ್ಧ ಕಲ್ಯಾಣ ನಾ ಮಾಡಿದ ಟಾಕ್ಯಾಗಿನ ನೀರು ಕುಡೀತದ. ನೀವೂ ಕುಡೀತೀರಿ. ಇನ್ನ ಎಂಟು ದಿನ ನಾತ ತಡಕೋರಿ.”

ನನಗೆ ನಾಚಿಕೆಯಾಯಿತು. ಹತ್ತೊಂಬತ್ತು ವರ್ಷ ಖಾಲಿ ಉಳಿದ ಆ ಸೀಟು ನೆನಪಾಯಿತು. ಟಿಕೆಟ್ ಕೊಡುತ್ತ ಸಾವಿರಾರು ಸಲ ಅದರ ಪಕ್ಕ ಹಾದುಹೋಗಿದ್ದೇನೆ, ಒಮ್ಮೆಯೂ ಯಾರಿಗೂ ‘ಅಲ್ಲಿ ಕೂಡ್ರಿ’ ಎಂದು ಒದರಿರಲಿಲ್ಲ. ಅಂದಿನಿಂದ ನಾತದ ಮಾತೆತ್ತಲಿಲ್ಲ.

ಹೋಳಿ ಮುಗಿದ ಮೇಲೆ ಬೋಟಿನ ಪರೀಕ್ಷೆ. ಎರಡು ಕಲ್ಲುಗಳ ಮೇಲೆ ಬೋಟು ಇಟ್ಟು, ನನ್ನ ಮಾಳಿಗೆಯ ಟಾಕಿಯಿಂದ ಪೈಪು ಎಳೆದು, ಬೋಟಿನೊಳಗೆ ನೀರು ಬಿಟ್ಟಳು. ಕಾಶಿರಾಮ ಕಂಗಾಲಾದ.

“ಬೋಟಿನೊಳಗ ನೀರು ಹಾಕೂದು ಎಲ್ಲ್ಯರ ಕೇಳಿಯೇನ?”

“ಒಳಗಿಂದ ಹೊರಗ ಬರಲಾರದ ನೀರು ಹೊರಗಿಂದ ಒಳಗ ಹ್ಯಾಂಗ ಬರ್ತದ್ರಿ?”

ಲೆಕ್ಕ ಸರಿಯೇ ಇತ್ತು, ತಪ್ಪಿದ್ದು ಕಲ್ಲು. ಟಾಕಿ ನೆಲದ ಮೇಲೆ ತಳವೂರಿ ಕೂರುತ್ತದೆ, ಎಷ್ಟು ತುಂಬಿದರೂ ನೆಲ ಹೊರುತ್ತದೆ. ಎರಡು ಕಲ್ಲಿನ ನಡುವೆ ಜೋತಿದ್ದ ಬೋಟಿನ ಹೊಟ್ಟೆಗೆ ಆಸರೆ ಇರಲಿಲ್ಲ. ನೀರು ಮೊಣಕಾಲಿನಷ್ಟು ಏರಿದ್ದೇ ಪಟ್ ಎಂದು ಸದ್ದಾಗಿ, ತಳ ಉದ್ದಕ್ಕೆ ಸೀಳಿತು. ಎರಡು ತಿಂಗಳ ಕೆಲಸ ಗಲ್ಲಿಯ ತುಂಬ ಹರಿದುಹೋಯಿತು. “ಬೋಟು ನೀರಾಗ ಇರಬೇಕ ಅಕ್ಕಾ, ನೀರು ಬೋಟಿನ್ಯಾಗ ಅಲ್ಲ!” ಎಂದು ಯಾರೋ ಕೂಗಿದರು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂದಿತ್ತು, ಆಕೆಯ ಮುಖ ನೋಡಿ ನುಂಗಿಕೊಂಡೆ.

ಕಣ್ಣು ತುಂಬಿತ್ತು. “ತಪ್ಪು ನಂದಽ. ಟಾಕಿ ಬುದ್ಧಿ,” ಎಂದಳು. ಒಳಗೆ ಹೋಗಿ ಚಹಾ ಮಾಡಿ ಗಂಡನಿಗೊಂದು ಕಪ್ಪು, ನನಗೊಂದು ಕಪ್ಪು ಕೊಟ್ಟಳು.

ಮೂರನೆಯ ದಿನ ನನ್ನನ್ನು ಕರೆದು ಬೋಟಿನ ಹಿಂಭಾಗ ತೋರಿಸಿದಳು. ಎಲ್ಲ ಕಡೆ ಒಣಗಿತ್ತು. ಎಂಜಿನ್ ಹಲಗೆಯ ತಗಡಿನ ಕೆಳಗಿಂದ ಮಾತ್ರ ಇನ್ನೂ ಹನಿ ಬೀಳುತ್ತಿತ್ತು. ಚಹಾದ ಬಣ್ಣದ ಹನಿ.

“ನಾವು ಹಾಕಿದ್ದು ಸ್ವಚ್ಛ ನೀರು. ಇದು ಕೆಂಪಗ ಯಾಕ ಬರಾಕತ್ತದ ಹೇಳ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಗಡು ಕಿತ್ತಳು. ಒಳಗಿನ ಮರ ನೆನೆದ ಹಿಂಡಿಯಂತೆ ಆಗಿತ್ತು, ಚಮಚದಿಂದ ತೋಡಿದರೆ ಉದುರುತ್ತಿತ್ತು. ಆ ಹಲಗೆಗೆ ಎಂಜಿನ್ ಬಿಗಿದು ಡ್ಯಾಮಿನ ನಡುವೆ ಹೋಗಿದ್ದರೆ ಎಂಜಿನ್ ಹಲಗೆ ಸಮೇತ ಕಿತ್ತುಕೊಂಡು ಬಿದ್ದು, ಕೂತವರೆಲ್ಲ ನೀರುಪಾಲಾಗುತ್ತಿದ್ದರು.

ಆಕೆಯೇ ದತ್ತಾತ್ರಿಗೆ ಫೋನು ಮಾಡಿದಳು. “ಪಾಸ್ ಮಾಡಾಕ ಅಲ್ರಿ ಮಿಸ್ತ್ರಿ. ಒಂದು ತಪ್ಪು ಆಗ್ಯಾದ, ನೋಡಾಕ ಬರ್ರಿ.” ಮುದುಕ ಕೋಲೂರಿಕೊಂಡು ಹುಮನಾಬಾದ್ ಬಸ್ಸಿಗೆ ಬಂದ. ಸೀಳಿದ ತಳ ನೋಡಿ, “ಕೆಳಗ ಉಸುಕಿನ ಚೀಲ ಇಡಬೇಕಿತ್ತು,” ಎಂದ. ಆಮೇಲೆ ಹಿಂದಿನ ಹಲಗೆಯೊಳಗೆ ಬೆರಳು ಹಾಕಿದ. ಬೆರಳು ಬುಡದವರೆಗೆ ಒಳಗೆ ಹೋಯಿತು. ಬೆರಳಿಗೆ ಅಂಟಿದ ಕೊಳೆತ ಮರವನ್ನು ಧೋತರಕ್ಕೆ ಒರೆಸಿಕೊಂಡ.

“ನಾ ಆಗಿದ್ರ ಈ ತಗಡು ಬಿಚ್ಚತಿರಲಿಲ್ಲ,” ಎಂದ. “ಹಂಗಽ ಎಂಜಿನ್ ಬಿಗೀತಿದ್ದೆ.”

ಹೊರಡುವಾಗ ಬಾಗಿಲಲ್ಲಿ ನಿಂತು, “ನೀರಿಗೆ ಬಿಡೂ ದಿನ ಹೇಳು ಶೇವಂತಾ. ತಂಬಗಿ ನಾ ತರ್ತೀನಿ,” ಎಂದ. ಆ ಹಿತ್ತಾಳೆಯ ತಂಬಿಗೆಯನ್ನು ಕಾರ್ಖಾನೆ ಮುಚ್ಚಿದ ದಿನ ಆತ ಮನೆಗೆ ಒಯ್ದಿದ್ದ. ಶೇವಂತಾಬಾಯಿಯ ಮುಖ ಸಣ್ಣದಾಯಿತು. ತಂಬಿಗೆ ಮತ್ತೆ ಅವನ ಕೈಯಲ್ಲೇ ಇತ್ತು.

ಆದರೂ ಕೈ ನಿಲ್ಲಲಿಲ್ಲ. ಸಾಗವಾನಿ ಹಲಗೆ ತರಿಸಿ, ಸುತ್ತ ಫೈಬರ್ ಹೊದಿಸಿ, ಬೋಲ್ಟಿನ ತೂತಿನ ಒಳಗೋಡೆಗೂ ರೆಸಿನ್ ಕುಡಿಸಿದಳು. ತಳದ ಸೀಳು ತರಿದು ಐದು ಪದರ ಕೂಡಿಸಿದಳು. ಈ ಸಲ ಕೆಳಗೆ ಉದ್ದಕ್ಕೂ ಉಸುಕಿನ ಚೀಲ ಇಟ್ಟು ಮತ್ತೆ ನೀರು ತುಂಬಿದಳು. ಒಂದು ಹಗಲು ಒಂದು ರಾತ್ರಿ ನಿಂತ ನೀರು ಎಲ್ಲಿಯೂ ಒಸರಲಿಲ್ಲ. ಕೊನೆಗೆ ನೀಲಿ ಬಣ್ಣ ಬಳಿದಳು. ಪಂಪ್‌ಸೆಟ್ ರಿಪೇರಿಯ ಅಲ್ತಾಫ್ ವೀರಭದ್ರನ ಹಳೆಯ ಎಂಜಿನ್ ಬಿಚ್ಚಿ ಕೂಡಿಸಿದ. ಮಾತು ಕೊಟ್ಟಂತೆ ನನ್ನ ಕಟ್ಟೆಯನ್ನೂ ಸರಿಮಾಡಿದಳು, ಫೈಬರಿನಿಂದ. ಈಗ ಅದು ಇಡೀ ಮನೆಗಿಂತ ಗಟ್ಟಿಯಾಗಿದೆ.

ಕಾರಹುಣ್ಣಿಮೆಯ ಮರುದಿನ ಮುಂಜಾನೆ ಬೋಟು ಚುಳಕಿನಾಲಾ ನೀರಿಗಿಳಿಯಿತು. ದಂಡೆಯಲ್ಲಿ ವೀರಭದ್ರ, ಅವನ ಮೀನುಗಾರರು, ನಮ್ಮ ಅರ್ಧ ಗಲ್ಲಿ. ಅಲ್ತಾಫ್ ಎಂಜಿನ್ ಹಿಡಿದ. ದತ್ತಾತ್ರಿ ಕೈಯಲ್ಲಿ ತಂಬಿಗೆ ಹಿಡಿದು ನಡುವೆ ಕೂತ. ಕಾಶಿರಾಮ ನೀರಿಗೆ ಹೆದರಿ ದಂಡೆಯಲ್ಲೇ ಉಳಿದ. ನಾನು ಹತ್ತಿ, ಶೇವಂತಾಬಾಯಿಯ ಪಕ್ಕದ ಸೀಟಿನಲ್ಲಿ ಕೂತು, ಹಳೆಯ ದನಿ ತೆಗೆದು “ರೈಟ್!” ಎಂದು ಒದರಿದೆ.

ನಡುನೀರಿನಲ್ಲಿ ಗಾಳಿ ಜೋರಿತ್ತು. ದತ್ತಾತ್ರಿ ಬಿಡಲಿಲ್ಲ. ಜೋರು ಹೊಡಿ ಅಂದ, ಗರಗರ ತಿರುಗಿಸು ಅಂದ, ಅಲೆಗೆ ಎದುರಾಗಿ ಹೋಗು ಅಂದ. ನಾನು ಬೋಟಿನ ಅಂಚನ್ನು ಅವುಚಿ ಹಿಡಿದೆ. ಶೇವಂತಾಬಾಯಿ ಮಾತ್ರ ತಂಬಿಗೆಯನ್ನೇ ನೋಡುತ್ತಿದ್ದಳು. ಆಮೇಲೆ ಆತ ಎಂಜಿನ್ ಆಫ್ ಮಾಡಿಸಿ, ಕಾಲಡಿಯ ಹಲಗೆ ಎತ್ತಿ, ತಂಬಿಗೆಯನ್ನು ಬೋಟಿನ ತಳಕ್ಕೆ ಇಳಿಸಿ ಮೂಲೆಮೂಲೆಗೆ ಗೋರಿದ. ಮೇಲೆತ್ತಿ ತನ್ನ ಅಂಗೈ ಮೇಲೆ ಬೋರಲು ಹಾಕಿದ. ಏನೂ ಬೀಳಲಿಲ್ಲ. ಅಂಗೈಯನ್ನು ನಮಗೆಲ್ಲ ತೋರಿಸಿದ, ಒಣಗಿತ್ತು.

ಆಮೇಲೆ ಖಾಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದ.

“ಟಾಕಿ ಇದ್ರ ತುಂಬಿ ಕೊಡ್ತಿದ್ದೆ. ಬೋಟಿಗೆ ಖಾಲಿ ತಂಬಗೀನ ಪಾಸ್. ತಗೋರಿ ಮಿಸ್ತ್ರಿ.” ಮತ್ತೆ ಸೇರಿಸಿದ: “ಆ ವರ್ಷದ ಟಾಕೀದೂ ಇದರಾಗ ಬಂತು ಅನಕೋರಿ. ತಡಾ ಆತು.”

ಶೇವಂತಾಬಾಯಿ ತಂಬಿಗೆ ಇಸಿದುಕೊಂಡಳು. ಕಾರ್ಖಾನೆಯಲ್ಲಿ ಆತ ಮಾಡುತ್ತಿದ್ದಂತೆಯೇ ಎಲ್ಲರಿಗೂ ಒಮ್ಮೆ ತೋರಿಸಿ, ತಲೆ ಹಿಂದಕ್ಕೆ ಬಾಗಿಸಿ, ಆ ಖಾಲಿ ತಂಬಿಗೆಯನ್ನು ಬಾಯಿಗೆ ಎತ್ತಿದಳು. ಆಕೆಯ ಗಂಟಲು ಒಂದು ಗುಟುಕು ನುಂಗಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

“ಹ್ಯಾಂಗ ಅದರಿ?” ಎಂದು ದತ್ತಾತ್ರಿ ಕೇಳಿದ.

ಸೆರಗಿನಿಂದ ಬಾಯಿ ಒರೆಸಿಕೊಂಡು ಆಕೆ ಹೇಳಿದಳು: “ರೆಸಿನ್ ನಾತ ಒಂದೀಟೂ ಇಲ್ಲ ನೋಡ್ರಿ.”