ಟೇಪು ಹಿಡಿದವರಿಗೆ ಮಜ್ಜಿಗೆಯಿಲ್ಲ

ಕೈಯಲ್ಲಿ ಅಳತೆಯ ಟೇಪು ಹಿಡಿದು ಬಂದವರಿಗೆ ನಮ್ಮಮ್ಮ ಮಜ್ಜಿಗೆ ಕೊಡುತ್ತಿರಲಿಲ್ಲ. ಬಳೆಗಾರನಿಗೆ ಕೊಡುತ್ತಿದ್ದಳು, ಪೋಸ್ಟಿನವನಿಗೆ ಕೊಡುತ್ತಿದ್ದಳು, ದಾರಿ ತಪ್ಪಿ ನಮ್ಮ ಬೀದಿಗೆ ಬಂದವರನ್ನೂ ಜಗಲಿಯ ಮೇಲೆ ಕೂರಿಸಿ, ಉಪ್ಪು ಸಾಕಾ ಎಂದು ವಿಚಾರಿಸುತ್ತಿದ್ದಳು. ಟೇಪು ಕಂಡರೆ ಮಾತ್ರ ಮಜ್ಜಿಗೆ ಮಡಕೆಯ ಮೇಲೆ ತಟ್ಟೆ ಮುಚ್ಚಿಬಿಡುತ್ತಿದ್ದಳು. ನೀರು ಕೇಳಿದರೆ ನೀರು ಕೊಡುತ್ತಿದ್ದಳು, ಅದಕ್ಕಿಂತ ಹೆಚ್ಚು ಮರ್ಯಾದೆ ಇಲ್ಲ.

ಅದಕ್ಕೆ ಕಾರಣವಿತ್ತು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಜೀಪಿನಲ್ಲಿ ಕೆಲವರು ಬಂದು ನಮ್ಮ ರಾಗಿ ಹೊಲದ ಮೇಲೆ ಟೇಪು ಹಿಡಿದು, ಅಳತೆಯ ಸರಪಣಿ ಎಳೆದರು. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದರು. ಆಮೇಲೆ ಹೊಂಗೆಮರದ ನೆರಳಲ್ಲಿ ಕೂತು ಅಮ್ಮ ಕೊಟ್ಟ ಮಜ್ಜಿಗೆಯನ್ನು ಎರಡೆರಡು ಲೋಟ ಕುಡಿದು, "ಏನಿಲ್ಲಮ್ಮ, ಸುಮ್ನೆ ಅಳತೆ ಅಷ್ಟೆ" ಎಂದು ಹೇಳಿ ಹೋದರು. ಆ ಗೆರೆಯೊಳಗೆ ಬಿದ್ದದ್ದು ಯಾವುದೂ ನಮ್ಮದಾಗಿ ಉಳಿಯಲಿಲ್ಲ. ಹೊಲ ಇದ್ದಲ್ಲಿ ಬನಶಂಕರಿ ಕಡೆಯ ಹೊಸ ಬಡಾವಣೆಯ ಮೇನು, ಕ್ರಾಸು ರಸ್ತೆಗಳು ಬಂದವು. ಅಪ್ಪ ಮಡಿವಾಳದ ಹತ್ತಿರ ಯಾರದೋ ಗೋಡೌನಿಗೆ ಕಾವಲುಗಾರನಾಗಿ ಸೇರಿಕೊಂಡು ಭಾನುವಾರದ ನೆಂಟನಾದ. ಅಮ್ಮನಿಗೆ ಹೊಲ ಹೋದದ್ದಕ್ಕಿಂತ ತಾನೇ ಮಜ್ಜಿಗೆ ಬಡಿಸಿದೆನಲ್ಲ ಎನ್ನುವುದು ಹೆಚ್ಚು ಉರಿಯುತ್ತಿತ್ತು.

ಉಳಿದದ್ದು ಮನೆ, ಒಂದು ಹಸು, ಮನೆಗೂ ರಾಜಕಾಲುವೆಗೂ ನಡುವೆ ಉದ್ದಕ್ಕೆ ಚಾಚಿಕೊಂಡ ಒಂದು ಪಟ್ಟಿ ನೆಲ. ಬಾವಿ ಅದರಲ್ಲೇ ಇತ್ತು. ಹರಿವೆ, ದಂಟು, ಮೆಂತ್ಯ, ಕೊತ್ತಂಬರಿ ಮಡಿಗಳು, ಒಂದು ಅಂಚಿಗೆ ಹೀರೆ ಚಪ್ಪರ. ಅಮ್ಮ ಬೆಳಿಗ್ಗೆ ಸೊಪ್ಪು ಕಿತ್ತು ಕಟ್ಟು ಕಟ್ಟಿ, ಮಂಕರಿ ಹೊತ್ತು ಜಯನಗರದ ಬೀದಿಗಳಲ್ಲಿ ಮಾರಿ ಬರುತ್ತಿದ್ದಳು. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಆ ಸೊಪ್ಪಿನ ದಯೆಯಿಂದ. ಆ ಪಟ್ಟಿಯೂ ಹೋದರೆ ನಮಗೆ ಈ ಊರಿನಲ್ಲಿ ಏನು ಕೆಲಸ ಎಂಬ ಒಂದೇ ಪ್ರಶ್ನೆಯನ್ನು ಅಮ್ಮ ದಿನಾ ನುಂಗಿಕೊಂಡು ಬದುಕಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಬಡಾವಣೆಯ ಒಬ್ಬರು ಹಿರಿಯರು ನಮ್ಮ ತೋಟದಾಚೆ ಕಾಲುವೆಯ ದಂಡೆಯ ಮೇಲೆ ಓಡಾಡತೊಡಗಿದರು. ರಿಟೈರಾದ ಎಂಜಿನಿಯರು. ತಲೆಗೆ ಮಫ್ಲರು, ಕಂಕುಳಲ್ಲಿ ಛತ್ರಿ, ಜೇಬಿನಿಂದ ಇಣುಕುವ ಟೇಪು. ಒಂದು ದಿನ ಬೇಲಿಯ ಹತ್ತಿರ ನಿಂತು ಅಮ್ಮನನ್ನು ಕರೆದರು.

"ಅಮ್ಮಾ, ಈ ದಂಡೆ ಮೇಲೆ ಒಂದು ದಾರಿ ಮಾಡೋಣ ಅಂತಿದೀವಿ. ನಮ್ಮ ಲೇಔಟಿಂದ ಜಯನಗರದ ಬಸ್ ರೋಡಿಗೆ. ನಡೆಯೋರಿಗೆ, ಸೈಕಲ್‌ನೋರಿಗೆ ಅಷ್ಟೆ. ಕಾರಿಲ್ಲ, ಲಾರಿ ಇಲ್ಲ. ನಿಮ್ಮ ತೋಟದ್ದು ಒಂದಿಂಚೂ ಬೇಡ."

"ಅವ್ರೂ ಇಂಗೇ ಅಂದಿದ್ರು ಸೋಮಿ."

"ಯಾರು?"

"ಸರಪಣಿಯೋರು," ಎಂದಳು ಅಮ್ಮ. ಎಂಜಿನಿಯರು ಬಿಸಿಲಲ್ಲಿ ನಿಂತೇ ಇದ್ದರು. ಅಮ್ಮ ನೀರು ತಂದುಕೊಟ್ಟಳು.

ನಿಜ ಹೇಳಬೇಕೆಂದರೆ ದಾರಿ ನನಗೂ ಬೇಕಿತ್ತು. ಮಳೆಗಾಲದಲ್ಲಿ ಆ ದಂಡೆಯ ಮೇಲೆ ಲಂಗ ಎತ್ತಿ ಹಿಡಿದು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪುಸ್ತಕ, ಹೀಗೆ ಕೆಸರು ತುಳಿದು ಕಾಲೇಜು ಸೇರುವ ಹೊತ್ತಿಗೆ ಅರ್ಧ ಪ್ರಾಣ ಹೋಗಿರುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ನನಗೂ ಅಮ್ಮನ ಬುದ್ಧಿಯೇ ಬಂದಿದೆ. ಇವತ್ತಿಗೂ ಯಾರಾದರೂ ಬಿಟ್ಟಿಯಾಗಿ ಏನಾದರೂ ಕೊಟ್ಟರೆ ತಿರುಗಿಸಿ ತಳ ನೋಡುತ್ತೇನೆ. ಕಾರು ಲಾರಿ ಏನೂ ಇಲ್ಲದ ದಾರಿಗೆ ಕಾರಿರುವ ಬಡಾವಣೆಯವರು ಯಾಕೆ ಮೈ ಬಗ್ಗಿಸುತ್ತಾರೆ? ಬೆರಳು ತೋರಿಸಿದರೆ ಹಸ್ತ ನುಂಗುವವರು ಎಂದು ಅಮ್ಮ ಹೇಳಿದಾಗ ನಾನು ತಲೆಯಾಡಿಸಿದ್ದೆ.

ಅನುಮಾನ ಒಂದೇ ಕಡೆಯದ್ದಾಗಿರಲಿಲ್ಲ. ಭಾನುವಾರಗಳಂದು ಬಡಾವಣೆಯ ಬ್ಯಾಂಕಿನವರು, ಮೇಷ್ಟರುಗಳು ಗುದ್ದಲಿ ಹಿಡಿದು ಬಂದು ದಂಡೆಯ ಪೊದೆ ಸವರುತ್ತಿದ್ದರು. ಹೋಗುವಾಗ ಗುದ್ದಲಿಗಳನ್ನು ಎಣಿಸಿಕೊಂಡು ಹೋಗುತ್ತಿದ್ದರು, ಅದೂ ನಮ್ಮ ಎದುರಿಗೇ. ಅವರು ನೆಟ್ಟ ಗುರುತಿನ ಗೂಟಗಳು ಬೆಳಗಾಗುವಷ್ಟರಲ್ಲಿ ಒಂದೊಂದೇ ಕಾಣೆಯಾಗುತ್ತಿದ್ದವು. "ಗೂಟ ಯಾರು ಕಿತ್ತರೋ ಗೊತ್ತಾಗ್ತಿಲ್ಲ," ಎಂದು ಎಂಜಿನಿಯರು ಬೇಲಿಯಾಚೆಯಿಂದ ಸುಮ್ಮನೆ ಅಂದರು. "ನಂ ಚಪ್ರದ ಕಡೆ ಯಾಕ್ ನೋಡ್ತೀರಿ?" ಎಂದಳು ಅಮ್ಮ. ಅವರು ಚಪ್ಪರದ ಕಡೆ ನೋಡಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈಗ ನೋಡಿದರು. ಹೀರೆಬಳ್ಳಿ ಹೊಸ ಗೂಟಗಳ ಮೇಲೆ ಆರಾಮವಾಗಿ ಹಬ್ಬಿತ್ತು. ಅವರು ಏನೂ ಹೇಳದೆ ಹೋದರು, ಮತ್ತು ಆ ಸುಮ್ಮನಿರುವಿಕೆಯೇ ಅಮ್ಮನಿಗೆ ಹೆಚ್ಚು ಅನುಮಾನ ತಂದಿತು. ಜಗಳವಾಡದವನು ಒಳಗೊಳಗೇ ಏನೋ ನಡೆಸಿರುತ್ತಾನೆ ಎಂಬುದು ಅವಳ ಲೆಕ್ಕ.

ದಾರಿ ಆಯಿತು. ಗರಸು ಮಣ್ಣು ಹರಡಿ, ಕೈರೋಲರು ಎಳೆದು, ನೀರು ಹೊಡೆದು ಗಟ್ಟಿ ಮಾಡಿದರು. ಕೆಂಪಗೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಹಾಲಿನವನ ಸೈಕಲ್ಲು, ಪೇಪರಿನವನ ಸೈಕಲ್ಲು, ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು ಎಲ್ಲ ಅದರ ಮೇಲೆಯೇ. ನಾನೂ ಹೋಗುತ್ತಿದ್ದೆ, ಅಮ್ಮ ನೋಡದ ಹಾಗೆ. ಅದು ತೋಟದ ಅಂಚಿಗೆ ಒತ್ತಿಕೊಂಡೇ ಇತ್ತು. ಮುಳ್ಳುಬೇಲಿ ರೋಲರು ಎಳೆಯುವಾಗ ಬಿದ್ದುಹೋಗಿತ್ತು. ಬೇಕಂತಲೇ ಬೀಳಿಸಿದರು ಎಂದು ಅಮ್ಮ.

ಆಗ ಅವಳು ತನ್ನ ಆಯುಧ ಹೊರಗೆ ತೆಗೆದಳು. ಬೆಳಿಗ್ಗೆ ಎದ್ದು ಬಿಂದಿಗೆ ಸಗಣಿ ನೀರು ಕಲಸಿ, ತೋಟದ ಎದುರಿಗೆ ಆ ಕೆಂಪು ದಾರಿಗೆ ಅಡ್ಡಲಾಗಿ ಚಿಮುಕಿಸಿ, ಅಂಚಿನಿಂದ ಅಂಚಿಗೆ ದೊಡ್ಡ ರಂಗೋಲಿ ಹಾಕಿದಳು. ಚುಕ್ಕಿ ಇಟ್ಟು, ಎಳೆ ಎಳೆದು, ಮಧ್ಯೆ ಕಮಲ.

"ಯಾಕಮ್ಮ ಅಲ್ಲಿ?" ಎಂದೆ.

"ಸಾರ್ಸಿ ರಂಗೋಲಿ ಬಿಟ್ಟಿದ್ ಜಾಗ ಬಾಗ್ಲು ಕಣೆ. ನಮ್ ಬಾಗ್ಲನ್ನ ಯಾವನ್ ಕಿತ್ಕತಾನೆ ನೋಡ್ತೀನಿ."

ದಿನಾ ಹಾಕಿದಳು. ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದವಳಿಗೂ ಅಷ್ಟು ಧೈರ್ಯ ಇರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಹರಿವೆ ಮಡಿಗಳು ತುಳಿತಕ್ಕೆ ಸಿಕ್ಕತೊಡಗಿದವು. ಮೊದಲು ಅಂಚಿನ ಗಿಡಗಳು ಮಲಗಿದವು. ಆಮೇಲೆ ಮಡಿಯ ಬದುವೇ ಚಪ್ಪಟೆಯಾಗಿ, ಸೈಕಲ್ಲಿನ ಗಾಲಿಯ ಗುರುತು ತೋಟದೊಳಕ್ಕೆ ಬಂದು, ಬಾಗಿ, ಮತ್ತೆ ಹೊರಗೆ ಹೋಗುತ್ತಿತ್ತು. ಅಮ್ಮನ ಮುಖ ಸುಟ್ಟಂತಾಯಿತು. "ನಾನೇಳಿರ್ಲಿಲ್ವ? ಆ ಮುದುಕಪ್ಪ ಹೇಳ್ಕೊಟ್ಟವ್ನೆ. ಇವತ್ತು ಕಾಲು, ನಾಳೆ ಗಾಡಿ."

ಮರುದಿನ ರಂಗೋಲಿ ಮುಗಿಸಿ ಹೀರೆ ಚಪ್ಪರದ ಹಿಂದೆ ಅವಿತು ಕೂತಳು, ನನ್ನನ್ನೂ ಕೂರಿಸಿಕೊಂಡಳು. ಮೊದಲು ಹಾಲಿನವನು ಬಂದ. ರಂಗೋಲಿಯ ಮುಂದೆ ಬ್ರೇಕು ಹಿಡಿದು ಇಳಿದ. ಒಂದು ಗಳಿಗೆ ನೋಡಿ, ಕ್ಯಾನುಗಳ ಸಮೇತ ಸೈಕಲ್ಲನ್ನು ನಮ್ಮ ಹರಿವೆಯ ಮೇಲೆ ತಳ್ಳಿಕೊಂಡು ಆಚೆ ಹೋದ. ಇಬ್ಬರು ಹೆಂಗಸರು ಬಂದರು, ಸೀರೆ ಎತ್ತಿಕೊಂಡು ಹರಿವೆಯ ಮೇಲೆ ನಡೆದರು. ಒಬ್ಬಳು ಕಮಲದ ದಳ ಎಷ್ಟು ಚೆಂದ ಬಂದಿದೆ ನೋಡು ಎಂದಳು. ಕೊನೆಗೆ ಎಂಜಿನಿಯರು ಬಂದರು. ಛತ್ರಿಯನ್ನು ಊರಿ, ಬಹಳ ಜೋಪಾನವಾಗಿ ಮೆಂತ್ಯದ ಮಡಿಗೆ ಕಾಲಿಟ್ಟರು.

ಅಮ್ಮ ಚಪ್ಪರದ ಹಿಂದಿನಿಂದ ಎದ್ದಳು. "ದಾರಿ ಮಾಡ್ಕೊಂಡ್ರಲ್ಲ, ಅದ್ರ ಮೇಲ್ ಹೋಗಕ್ಕೇನು? ನನ್ ಸೊಪ್ಪೇ ಬೇಕಾ ತುಳಿಯಕ್ಕೆ?"

ಅವರು ಒಂದು ಕಾಲು ಮೆಂತ್ಯದಲ್ಲಿ, ಒಂದು ಕಾಲು ಎತ್ತಿಕೊಂಡು ಅಲ್ಲೇ ನಿಂತರು. "ರಂಗೋಲಿ ಮೇಲೆ ಕಾಲಿಡೋಕಾಗುತ್ತೇನಮ್ಮ? ಹೆಣ್ಣುಮಗಳು ಹಾಕಿರೋದು."

ಅಮ್ಮ ತನ್ನ ರಂಗೋಲಿಯ ಕಡೆ ತಿರುಗಿ ನೋಡಿದಳು. ಮಾಡಿದ್ದುಣ್ಣೋ ಮಹರಾಯ. ದಾರಿ ನಮ್ಮ ತೋಟಕ್ಕೆ ಬಂದದ್ದು ಟೇಪಿನಿಂದಲ್ಲ, ಅವಳ ಕಮಲದಿಂದ. ನನಗೆ ನಗು ಬಂತು, ಅವಳ ಮುಖ ನೋಡಿ ಅಲ್ಲೇ ನುಂಗಿದೆ.

ಆದರೆ ರಂಗೋಲಿ ನಿಲ್ಲಿಸಿದರೆ ಸೋತಂತೆ. ಇಡೀ ದಿನ ಸೊಪ್ಪಿಗೂ ಹೋಗದೆ ಯೋಚಿಸಿದಳು. ಮಾರನೆಯ ಬೆಳಿಗ್ಗೆ ಕಮಲ ಇರಲಿಲ್ಲ. ಅದರ ಬದಲು ತೋಟಕ್ಕೂ ದಾರಿಗೂ ನಡುವೆ, ಬೇಲಿ ಇದ್ದ ಜಾಗದ ಉದ್ದಕ್ಕೂ ಬಳ್ಳಿ ರಂಗೋಲಿ ಹರಿದಿತ್ತು. ಬಾವಿಯ ಹತ್ತಿರ ಶುರುವಾಗಿ, ಕರಿಬೇವಿನ ಗಿಡ ದಾರಿಗೆ ಚಾಚಿದ್ದಲ್ಲಿ ಅದನ್ನು ಒಳಗೆ ಸೇರಿಸಿಕೊಂಡು ಸುತ್ತಿ, ಚಪ್ಪರದ ಕೊನೆಯ ತನಕ. ಅದನ್ನು ದಾಟಿ ಒಬ್ಬರೂ ಒಳಗೆ ಕಾಲಿಡಲಿಲ್ಲ. ಮುಳ್ಳಿನ ಬೇಲಿಗೂ ಅಷ್ಟು ಹೆದರಿದವರನ್ನು ನಾನು ಕಂಡಿಲ್ಲ. ಹರಿವೆ ಮತ್ತೆ ಎದ್ದಿತು. ಅಮ್ಮ ಮಾತ್ರ ಎಂಜಿನಿಯರನ್ನು ನೋಡುವ ನೋಟ ಬದಲಿಸಲಿಲ್ಲ.

ಆ ವರ್ಷ ಕನಕಪುರದ ಕಡೆ ಸೋದರಮಾವನ ಮನೆಯಲ್ಲಿ ಮದುವೆ ಬಂತು. ಹೋಗದೆ ನಿರ್ವಾಹವಿಲ್ಲ. ಹಸುವನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿದಳು. ರಂಗೋಲಿಯನ್ನೂ ಅವಳಿಗೇ ಹೇಳಮ್ಮ ಎಂದೆ. "ಗೆರೆ ಎಳಿಯಕ್ಕೆ ಬಿಟ್ರೆ ನಾಳೆ ಗೆರೆ ನಂದೇ ಅಂತಾಳೆ," ಎಂದಳು. ಮದುವೆಯಲ್ಲಿ ಅವಳು ಊಟ ಮಾಡಿದ್ದು ನೆನಪಿಲ್ಲ. ಮಾತುಮಾತಿಗೆ ಊರಿನ ಕಡೆ ತಿರುಗಿ ಕೂರುತ್ತಿದ್ದಳು.

ಬಸ್ಸಿಳಿದು ಆ ಕೆಂಪು ದಾರಿಯಲ್ಲೇ ಬಿರಬಿರನೆ ಬಂದೆವು. ತೋಟ ಕಂಡ ಕೂಡಲೇ ಅಮ್ಮ ನಿಂತುಬಿಟ್ಟಳು. ಅಂಚಿನ ಉದ್ದಕ್ಕೂ ಸುಣ್ಣದ ಗೆರೆ ಇತ್ತು. ಕಡ್ಡಿಯಂತೆ ನೇರ, ಬೆಳ್ಳಗೆ, ದಪ್ಪಗೆ. ಹೊಲದ ಮೇಲೆ ಆ ದಿನ ಬಿದ್ದದ್ದೂ ಅಂಥದೇ.

"ಹೋಯ್ತು ಕಣವ್ವ," ಎಂದಳು. ಮದುವೆಯ ಸೀರೆಯಲ್ಲೇ ಓಡಿಹೋಗಿ ಪೊರಕೆ ತಂದು ಗೆರೆಯನ್ನು ಗುಡಿಸತೊಡಗಿದಳು. ಪೊರಕೆಗೆ ಹೋಗದಿದ್ದನ್ನು ಅಂಗೈಯಲ್ಲಿ ಉಜ್ಜಿದಳು. ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಲ ಹೋದಾಗಲೂ ಅತ್ತಿರಲಿಲ್ಲ. ನನಗೆ ಆ ಮುದುಕನನ್ನು ಹುಡುಕಿಕೊಂಡು ಹೋಗಿ ಬೈಯಬೇಕು ಅನ್ನಿಸಿತು. ಹಾಗೆ ತಿರುಗಿದಾಗಲೇ ಗೆರೆಯ ಮುಂದಿನ ಭಾಗ ಕಂಡಿತು. ಕರಿಬೇವಿನ ಗಿಡದ ಹತ್ತಿರ ಅದು ನೇರ ಹೋಗಿರಲಿಲ್ಲ. ಗಿಡವನ್ನು ನಮ್ಮ ಕಡೆಗೆ ಬಿಟ್ಟು, ಸುತ್ತಿ ಹೋಗಿತ್ತು.

ಅಷ್ಟರಲ್ಲಿ ಎಂಜಿನಿಯರೇ ಬಂದರು. ಕೈಯಲ್ಲಿ ಸುಣ್ಣದ ಡಬ್ಬಿ, ಪ್ಯಾಂಟಿನ ತುದಿಯೆಲ್ಲ ಬಿಳಿ.

"ಅಳಿಸಿಬಿಟ್ರಾ," ಎಂದರು. "ನೀವಿಲ್ಲ ಅಂತ ಗೊತ್ತಾಗಿದ್ದೇ ತಡ, ಸೈಕಲ್‌ನೋರು ಎದುರಿಂದ ಬರೋರಿಗೆ ಜಾಗ ಬಿಡೋಕೆ ಅಂತ ಒಳಗೆ ನುಗ್ಗೋಕೆ ಶುರು ಮಾಡಿದ್ರು. ಅದಕ್ಕೆ ನೀವು ಹಾಕೋ ಜಾಗದಲ್ಲೇ ದಿನಾ ಬಂದು ಹಾಕ್ತಿದ್ದೆ. ನನಗೆ ರಂಗೋಲಿ ಬರಲ್ಲಮ್ಮ. ಸರ್ವಿಸ್ ಪೂರ್ತಿ ಗೆರೆ ಎಳೆದಿದ್ದೇ, ಅದೊಂದೇ ಬರೋದು. ಸುಣ್ಣದ ಗೆರೆ ಕಂಡ್ರೆ ಜನ ಹೆದರ್ತಾರೆ."

"ಹೆದರ್ತಾರೆ ಸೋಮಿ," ಎಂದಳು ಅಮ್ಮ. "ನಂಗೊತ್ತು."

ಅವಳ ಅಂಗೈಯೆಲ್ಲ ಸುಣ್ಣ. ಅದನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು. ಪಕ್ಕದವಳು ಕಡೆದಿಟ್ಟಿದ್ದ ಮಜ್ಜಿಗೆಗೆ ಉಪ್ಪು, ಕರಿಬೇವು ಹಾಕಿ, ದೊಡ್ಡ ಲೋಟದಲ್ಲಿ ತುಂಬಿಕೊಂಡು ಬಾಗಿಲಿಗೆ ಬಂದಳು. ಅಲ್ಲಿಂದಲೇ ಅವರ ಜೇಬನ್ನು ನೋಡಿದಳು.

"ಆ ಟೇಪು ಅಲ್ಲೇ ಬಾವಿಕಟ್ಟೆ ಮೇಲಿಟ್ಟು ಬನ್ನಿ."

ಅವರು ಇಟ್ಟು ಬಂದು ಜಗಲಿಯ ಮೇಲೆ ಕೂತರು. ಅವರು ಎರಡು ಲೋಟ ಕುಡಿಯುವ ತನಕ ಅಮ್ಮ ಬಾವಿಕಟ್ಟೆಯಿಂದ ಕಣ್ಣು ತೆಗೆಯಲಿಲ್ಲ.