ಮೊಮ್ಮಗಳ ಪರೀಕ್ಷೆಯ ಹೊತ್ತಿಗೆ ಹೂ ಕೇಳಿದ್ದು

ನಮ್ಮ ಮನೆಯ ನಡುಗೋಡೆ ಸೂರಿನವರೆಗೆ ಹೋಗುವುದಿಲ್ಲ. ಹೆಂಚಿನ ಮನೆ, ಆಳೆತ್ತರಕ್ಕೆ ಗೋಡೆ ಎಬ್ಬಿಸಿ ಮೇಲೆ ಗಾಳಿಯಾಡಲೆಂದು ಬಿಟ್ಟಿದ್ದಾರೆ. ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕೇಳುತ್ತದೆ. ಇದು ನನಗೆ ಹುಟ್ಟಿನಿಂದ ಗೊತ್ತು. ಆ ದಿನ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಮೊಮ್ಮಗಳ ಕಿವಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದೆ. ಅವಳ ಮುಂದಿದ್ದ ಕಂಪ್ಯೂಟರೂ ಕೇಳಿಸಿಕೊಳ್ಳುತ್ತದೆ ಎಂಬುದು ತಲೆಗೆ ಬರಲಿಲ್ಲ.

ಪೆನ್ನಾಗರಂ ಹತ್ತಿರದ ಹಳ್ಳಿ ನಮ್ಮದು. ಮನೆಯೊಳಗೆ ಹಕಾರ ನುಂಗುವ ಕನ್ನಡ, ಹೊಸಿಲು ದಾಟಿದರೆ ತಮಿಳು. ಹುಡುಗನಾಗಿದ್ದಾಗ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದೆ. ಈಗ ಬರೆಯುತ್ತಿರುವ ಈ ಕನ್ನಡ ಅಕ್ಷರ ಅಲ್ಲಿ ಕಲಿತದ್ದು. ಮಗ ಶಂಕಗಿರಿಯ ಕಂಪನಿಯೊಂದರ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ. ಇರುವವರು ನಾನು, ಸೊಸೆ, ಮೊಮ್ಮಗಳು.

ಮೊಮ್ಮಗಳು ಸೇಲಂನ ಒಂದು ಕಾಲೇಜಿನಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಆ ಕಾಲೇಜಿಗೂ ಐರ್ಲೆಂಡಿನ ಒಂದು ಕಾಲೇಜಿಗೂ ಒಪ್ಪಂದವಿದೆ. ಅಲ್ಲಿನ ಮೇಷ್ಟ್ರುಗಳು ಅಲ್ಲಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರೆ. ಎರಡು ವರ್ಷ ಹೀಗೆ ಓದಿ, ಅವರು ಎದುರು ಕೂತು ಕೇಳುವ ಪರೀಕ್ಷೆಯಲ್ಲಿ ಗೆದ್ದರೆ ಕೊನೆಯ ವರ್ಷ ಅಲ್ಲಿಗೇ ಹೋಗಿ ಓದಬಹುದು. ಎದುರು ಎಂದರೆ ಪರದೆಯಲ್ಲಿ.

ಮೊದಮೊದಲು ನನಗೆ ಹೆಮ್ಮೆಯೇ ಇತ್ತು. ನಾವು ದಿನಾ ಕುಡಿಯುವ ರಾಗಿ ಅಂಬಲಿಯ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಿದ್ದಳು.

“ಅಂಬಲಿ ಕುಡಿಯಕ್ಕೂ ಡಿಗ್ರಿ ಬೇಕೇನೇ?” ಎಂದು ಕೆಣಕಿದೆ ಒಮ್ಮೆ.

“ಕುಡಿಯಕ್ಕೆ ಬ್ಯಾಡ ತಾತ. ಅದು ಯಾಕ್ ಉಳಿ ಬಂತು ಅಂತ ಏಳಕ್ಕೆ ಬೇಕು.”

“ನಿಮ್ಮಜ್ಜಿ ಬೈತಾ ಕಲಸ್ತಿದ್ಲು, ಅದಕ್ಕೇ ಉಳಿ ಬತ್ತಿತ್ತು.”

ಅವಳು ನಕ್ಕಳು. ಆ ಅಂಬಲಿಯ ಮೇಲೆಯೇ ಪರೀಕ್ಷೆಯಲ್ಲಿ ಮಾತಾಡಬೇಕೆಂದು ಗೊತ್ತುಮಾಡಿಕೊಂಡಳು.

ನನ್ನ ಹೆಮ್ಮೆ ಹೆದರಿಕೆಯಾಗಿದ್ದು ಅದಿಯಮಾನ್‌ಕೋಟೆಯಲ್ಲಿ. ಅದು ನನ್ನ ಮಗಳನ್ನು ಕೊಟ್ಟ ಊರು. ಅಲ್ಲಿ ಒಂದು ಮಗುವಿಗೆ ಕಿವಿ ಚುಚ್ಚುವ ಊಟಕ್ಕೆ ಹೋಗಿದ್ದಾಗ, ನೆಂಟರೆಲ್ಲ ಕೂತಿದ್ದ ಚಪ್ಪರದಲ್ಲಿ ಮಗಳು ನನ್ನ ಕೈಗೆ ವೀಳ್ಯದೆಲೆ ಇಟ್ಟಳು. “ಅಪ್ಪ, ಅಣ್ಣನ ಮಗಳು ನಮ್ಮನೆಗೇ ತಾನೆ?” ಎಂದಳು. ಅವಳ ಮಗ ಒಳ್ಳೆಯ ಹುಡುಗ. ನಮ್ಮಲ್ಲಿ ಅತ್ತೆ ಮಗನಿಗೆ ಮೊದಲ ಹಕ್ಕು. ನಾನು ಎಲೆ ಹಿಡಿದುಕೊಂಡು, “ಇನ್ಯಾರ ಮನೆಗೆ ಓಗ್ತಾಳೆ” ಎಂದೆ. ಎಲ್ಲರೂ ನಕ್ಕರು. ನಾಲ್ಕು ಜನರ ಮುಂದೆ ಎಲೆ ಹಿಡಿದರೆ ಅದು ಮಾತು ಕೊಟ್ಟಂತೆ. ಊರಿಗೆ ಬಂದು ಈ ವಿಷಯ ಸೊಸೆಗೂ ಹೇಳಲಿಲ್ಲ, ಮೊಮ್ಮಗಳಿಗೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಅವಳು ಐರ್ಲೆಂಡಿಗೆ ಹೋದರೆ ಈ ಮದುವೆಗೆ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಗದಿದ್ದರೆ ಒಪ್ಪಿಯಾಳು, ನನ್ನ ಮಾತು ಉಳಿದೀತು. ಊಟ ಮಾಡುವಾಗಲೂ ಇದೇ ಯೋಚನೆ. ಮಗಳ ಫೋನು ಬಂದರೆ ಎತ್ತದೆ ಹಿತ್ತಿಲಿಗೆ ಹೋಗುತ್ತಿದ್ದೆ.

ಪರೀಕ್ಷೆಯ ದಿನ ಮೊಮ್ಮಗಳು ಹಾಸ್ಟೆಲಿನಿಂದ ಮನೆಗೆ ಬಂದಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಬೇರೆ ಯಾರ ಧ್ವನಿಯೂ ಕೇಳಬಾರದು ಎಂಬುದು ನಿಯಮವಂತೆ. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಹಲವರು. ಮಧ್ಯಾಹ್ನ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬಾಗಿಲು ಹಾಕಿಕೊಂಡಳು. ಸೊಸೆ ನಾಯಿಯನ್ನು ಓಡಿಸಿ, ಮಿಕ್ಸಿ ಮುಟ್ಟದೆ, “ಮಾವ, ನೀವು ಕೆಮ್ಮಂಗಿದ್ರೆ ಆಚೆಗೆ ಓಗಿ ಕೆಮ್ಮಿ” ಎಂದು ಹೇಳಿ ಮೇಕೆಗಳನ್ನು ಹೊಡೆದುಕೊಂಡು ಹೋದಳು. ಮನೆಯಲ್ಲಿ ನಾನೊಬ್ಬನೇ ಉಳಿದೆ.

ಪಕ್ಕದ ಕೋಣೆಯ ಗೂಡಿನಲ್ಲಿ ನಮ್ಮ ಮನೆದೇವತೆಯ ಹಿತ್ತಾಳೆ ಮುಖವಿದೆ. ದಿಕ್ಕು ತೋಚದಾಗ ನಮ್ಮಲ್ಲಿ ಹೂ ಕೇಳುತ್ತೇವೆ. ನೀರಿನಲ್ಲಿ ಅದ್ದಿದ ಕಣಗಿಲೆ ಹೂವನ್ನು ಅಮ್ಮನ ಮುಖದ ಎಡಕ್ಕೊಂದು ಬಲಕ್ಕೊಂದು ಅಂಟಿಸಿ ಬೇಡಿಕೊಳ್ಳುವುದು. ಬಲಗಡೆಯದು ಬಿದ್ದರೆ ನಡೆಸಿಕೊಡುತ್ತಾಳೆ, ಎಡಗಡೆಯದು ಬಿದ್ದರೆ ಇಲ್ಲ. ಮನಸ್ಸಿನಲ್ಲೇ ಕೇಳಿದರೆ ಲೆಕ್ಕಕ್ಕಿಲ್ಲ. ಬಾಯಿಬಿಟ್ಟು, ಬಿಡಿಸಿ ಕೇಳಬೇಕು. ಕೆಲಸ ಮುಗಿಯುವ ಮೊದಲೇ ಕೇಳಬೇಕು. ನಮ್ಮಪ್ಪ ಕೇಳುತ್ತಿದ್ದುದೂ ಹಾಗೆಯೇ.

ನಾನು ಹೂ ಅಂಟಿಸಿದೆ. “ತಾಯೀ, ಈ ಮಗೀಗೆ ಆ ದೇಸ ಬ್ಯಾಡ. ಉತ್ತರ ಬರದಂಗೆ ಅವಳ ಬಾಯಿ ಕಟ್ಟು. ಬಲಗಡೆ ಊ ಕೊಡು” ಎಂದೆ.

ಹೂ ಅಲುಗಲಿಲ್ಲ. ಗೋಡೆಯಾಚೆ ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು. ಅವಳ ಮಾತು ನಿಂತಾಗಲೆಲ್ಲ ನಾನು ಮತ್ತೆ ಕೇಳಿದೆ. ಕೇಳುತ್ತಾ ಕೇಳುತ್ತಾ ಧ್ವನಿ ಏರಿತು. ಅವಳು ತಡವರಿಸಿದಂತೆ ಕಂಡರೆ ನನ್ನ ಎದೆ ಹಗುರಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಆಯಿತು.

ಅವಳು ಬಾಗಿಲು ತೆಗೆದು ಹೊರಗೆ ಬಂದಾಗ ಬೆವತಿದ್ದಳು. “ಚೆನ್ನಾಗ್ ಏಳ್ದೆ ತಾತ” ಎಂದು ನನ್ನ ಪಕ್ಕ ಕೂತು ನೀರು ಕುಡಿದಳು. ಗೂಡಿನಲ್ಲಿ ಹೊಸ ಹೂ ನೋಡಿ ಅವಳ ಕಣ್ಣು ತುಂಬಿತು. “ನಂಗೋಸ್ಕರ ಪೂಜೆ ಮಾಡಿದ್ಯಾ?” ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ಎಲ್ಲರ ಫಲಿತಾಂಶ ಬಂತು, ಇವಳದು ತಡೆಹಿಡಿದಿದ್ದರು. ಪರೀಕ್ಷೆಯ ಧ್ವನಿಮುದ್ರಣದಲ್ಲಿ ಪ್ರಶ್ನೆ ಕೇಳಿದ ಮೇಲೆ ಒಬ್ಬ ಗಂಡಸಿನ ಧ್ವನಿ, ಆಮೇಲೆ ಇವಳ ಉತ್ತರ. ಹೀಗೆ ಒಂದೆರಡು ಕಡೆಯಲ್ಲ, ಮತ್ತೆ ಮತ್ತೆ. ಯಾರೋ ಉತ್ತರ ಹೇಳಿಕೊಟ್ಟಿದ್ದಾರೆ ಎಂದು ಐರ್ಲೆಂಡಿನವರಿಗೆ ಅನುಮಾನ. ಅನುಮಾನ ತೀರದಿದ್ದರೆ ಪರೀಕ್ಷೆ ರದ್ದು, ಕೊನೆಯ ವರ್ಷವೂ ಇಲ್ಲ. ಆ ಧ್ವನಿ ಯಾರದೋ ಅವರನ್ನು ಕರೆತನ್ನಿ ಎಂದು ಸೇಲಂ ಕಾಲೇಜಿನಿಂದ ಕರೆ ಬಂತು.

ಬಸ್ಸಿನಲ್ಲಿ ಮೊಮ್ಮಗಳು ನನಗೆ ಧೈರ್ಯ ಹೇಳುತ್ತಾ ಬಂದಳು.

“ಎದರಬ್ಯಾಡ ತಾತ. ಪೂಜೆ ಮಾಡ್ತಿದ್ದೆ ಅಂತ ಏಳು, ಸಾಕು. ನಾನೂ ಅದೇ ಏಳಿವ್ನಿ.”

“ಅಷ್ಟೇ ಸಾಕಾ?”

“ಅವರಿಗೇನ್ ಗೊತ್ತಾಗ್ತೈತೆ? ತಪ್ಪೇನ್ ಮಾಡಿದ್ಯಾ ನೀನು?”

ತೊಪ್ಪೂರಿನ ಕಣಿವೆಯಲ್ಲಿ ಬಸ್ಸು ಇಳಿಯುವಾಗ ಕಿಟಕಿಯ ಕಂಬಿ ಹಿಡಿದು ಕೂತೆ. ಅವಳು ನನ್ನ ಬೆನ್ನು ಸವರಿದಳು.

ಸೇಲಂ ಕಾಲೇಜಿನಲ್ಲಿ ಒಪ್ಪಂದದ ಕೆಲಸ ನೋಡಿಕೊಳ್ಳುವ ಮೇಡಂ ನಡುವಯಸ್ಸಿನವರು. “ಅಯ್ಯಾ, ಉಕ್ಕಾರುಂಗ” ಎಂದು ಕುರ್ಚಿ ತೋರಿಸಿದರು. ಪರದೆಯಲ್ಲಿ ಐರ್ಲೆಂಡಿನ ಮೇಡಂ ಕಾಣುತ್ತಿದ್ದರು. ಪರೀಕ್ಷೆ ಮಾಡಿದವರು ಅವರೇ. ದಾಖಲಾದ ಧ್ವನಿಯನ್ನು ಹಾಕಿದರು. ದೂರದಲ್ಲಿ ಜೇನು ಗುಂಯ್‌ಗುಟ್ಟಿದಂತೆ ಕೇಳಿತು. “ತಾಯೀ” ಎನ್ನುವುದಷ್ಟೇ ತಿಳಿಯಿತು. ಮೊಮ್ಮಗಳು ನನ್ನ ಕಡೆ ನೋಡಿ ಮುಗುಳ್ನಕ್ಕಳು.

“ಮೊಮ್ಮಗಳಿಗೋಸ್ಕರ ಪ್ರಾರ್ಥನೆ ತಾನೇ ಅಯ್ಯಾ?” ಎಂದು ನಮ್ಮ ಮೇಡಂ ತಮಿಳಿನಲ್ಲಿ ಕೇಳಿದರು. “ಏನು ಹೇಳಿದಿರೋ ಅದನ್ನು ಬರೆದು ಕಳಿಸುತ್ತೇನೆ. ಅವರ ಕಾಲೇಜಿನಲ್ಲಿ ಕನ್ನಡ ಬಲ್ಲವರೊಬ್ಬರಿದ್ದಾರಂತೆ. ಅಲ್ಲಿ ಗದ್ದಲ ತೆಗೆದು ಕೇಳಿಸಿಕೊಳ್ಳುತ್ತಾರೆ. ಎರಡೂ ಹೊಂದಿದರೆ ಮುಗಿಯಿತು.”

ಹೌದು ಎಂದರೆ ಹೊಂದುವುದಿಲ್ಲ. ಸುಳ್ಳು ಹೇಳಿದ ಮುದುಕ ಉತ್ತರವನ್ನೂ ಹೇಳಿಕೊಟ್ಟಿದ್ದಾನೆ ಎಂದುಬಿಡುತ್ತಾರೆ. ನನ್ನ ಬೇಡಿಕೆ ಹಾಗೆ ಫಲಿಸುತ್ತದೆ. ಅಮ್ಮ ಕೊಡದ ಹೂವನ್ನು ನಾನೇ ಕಿತ್ತು ಬೀಳಿಸಿದಂತೆ. ಕುರ್ಚಿಯ ಕೈ ಹಿಡಿದುಕೊಂಡೆ. ಒಂದು ಗಳಿಗೆ, ಆಗಲಿ ಬಿಡು ಎಂದೂ ಅನ್ನಿಸಿತು. ಎಲೆ ಹಿಡಿದ ಚಪ್ಪರ, ನೆಂಟರ ಮುಖ ಕಣ್ಣಿಗೆ ಬಂತು. ಮೊಮ್ಮಗಳು ನನ್ನ ಹೆಗಲ ಮೇಲಿನ ಟವಲು ಜಾರಿದ್ದನ್ನು ಸರಿಮಾಡಿದಳು.

“ಇಲ್ಲಮ್ಮ. ಅವಳಿಗೋಸ್ಕರ ಅಲ್ಲ ಕೇಳಿದ್ದು” ಎಂದೆ. ಮೊದಲು ತಮಿಳಿನಲ್ಲಿ ಸುತ್ತಿ ಬಳಸಿ ಹೇಳಿದೆ. ಮೇಡಂ ಬರೆಯುವುದನ್ನು ನಿಲ್ಲಿಸಿದರು. ಬಹಳ ಮೆತ್ತಗೆ, “ಅಯ್ಯಾ, ನಿಮ್ಮ ಮಾತಿನಲ್ಲಿ, ಆ ದಿನ ಹೇಗೆ ಹೇಳಿದಿರೋ ಹಾಗೆಯೇ ಬೇಕು” ಎಂದರು.

ನೆಲ ನೋಡುತ್ತಾ ಕನ್ನಡದಲ್ಲಿ ಹೇಳಿದೆ. ಈ ಮಗೀಗೆ ಆ ದೇಸ ಬ್ಯಾಡ, ಬಾಯಿ ಕಟ್ಟು, ಎಲ್ಲವನ್ನೂ. ಆ ಕೋಣೆಯಲ್ಲಿ ಆ ಮಾತು ಅರ್ಥವಾಗುತ್ತಿದ್ದುದು ಅವಳೊಬ್ಬಳಿಗೆ. ಮೇಡಂ ಅವಳನ್ನೇ ಅರ್ಥ ಕೇಳಿದರು. ಅವಳು ಒಂದೊಂದೇ ಪದವಾಗಿ ಇಂಗ್ಲಿಷಿಗೆ ತಿರುಗಿಸಿದಳು. ಪಾಠ ಒಪ್ಪಿಸಿದಂತೆಯೇ ಹೇಳಿದಳು. ಪರದೆಯ ಹೆಂಗಸು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ತಿಳಿಸುತ್ತೇವೆ ಎಂದಷ್ಟೇ ಹೇಳಿದರು.

ಎರಡೂ ಹೊಂದಿದವು, ಪರೀಕ್ಷೆ ಉಳಿಯಿತು ಎಂಬ ಸುದ್ದಿ ಬರಲು ಇನ್ನೂ ದಿನಗಳಿದ್ದವು. ಆ ಮಧ್ಯಾಹ್ನ ನಮಗೆ ಅದು ಗೊತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು, ನಾನು ಇತ್ತ. ಬಸ್ಸು ತೊಪ್ಪೂರು ದಾಟಿತು.

“ಯಾಕೆ?” ಎಂದಳು, ಹೊರಗೆ ನೋಡುತ್ತಲೇ.

ವೀಳ್ಯದೆಲೆಯ ವಿಷಯ ಹೇಳಿದೆ.

“ನನ್ ಕೇಳ್ಬೇಕು ಅಂತ ಅನ್ನಿಸ್ನೇ ಇಲ್ವಾ ತಾತ? ದೇವರನ್ನ ಅಷ್ಟು ಸಾರಿ ಕೇಳಿದ್ಯಲ್ಲ.”

ಅವಳೇ ಮತ್ತೆ ಕೇಳಿದಳು. “ಊ ಯಾವ ಕಡೆ ಬಿತ್ತು?”

“ಬೀಳ್ನೇ ಇಲ್ಲ ಕಣವ್ವ. ಬಾಡೋವರೆಗೂ ಅಂಗೇ ಇತ್ತು.”

ಅದಿಯಮಾನ್‌ಕೋಟೆ ಬಂತು. ಬಸ್ಸು ನಿಂತು ಜನ ಇಳಿಯತೊಡಗಿದರು. ಅವಳು ಕಾಲು ಮಡಚಿ ನನಗೆ ದಾರಿ ಬಿಡುವಂತೆ ಓರೆಯಾದಳು, ನಾನು ನಡುದಾರಿಯ ಕಡೆಯ ಸೀಟಿನಲ್ಲೇ ಇದ್ದರೂ.

“ಇಳಿ ತಾತ. ಅತ್ತೆ ಮನೆ ಬಂತು.”

“ನೀನು?”

“ನಾನ್ಯಾಕೆ? ಎಲೆ ಇಸ್ಕೊಂಡಿದ್ದು ನೀನು. ನಾನು ಅಮ್ಮಂಗೆ ಏಳ್ಬೇಕು.”

ಇಳಿದೆ. ಬಸ್ಸು ಹೊರಟಾಗ ಅವಳು ತಿರುಗಿ ನೋಡಿದಳೋ ಇಲ್ಲವೋ ಕಾಣಲಿಲ್ಲ. ಹಿಡಿದ ಎಲೆಯನ್ನು ಹಿಂದಕ್ಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಅದನ್ನು ಹೇಗೆ ಮಾಡಬೇಕೋ ನನಗೆ ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಲಾರದೆ ನಿಲ್ದಾಣದ ಅಂಗಡಿಯಲ್ಲಿ ಒಂದು ಕವಳಿಗೆ ವೀಳ್ಯದೆಲೆ ತೆಗೆದುಕೊಂಡೆ. ಅದು ಒದ್ದೆಯಾಗಿತ್ತು, ನನ್ನ ಕೈಯೂ.

ಮಗಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು. “ಏನಪ್ಪ, ಏಳ್ದೆ ಕೇಳ್ದೆ ಬಂದ್ಬುಟ್ಟೆ? ಮೊಕ ಯಾಕಿಂಗೈತೆ? ಅಂಬಲಿ ಕುಡೀತೀಯಾ?” ಎಂದಳು.

ಅವಳ ಮಗ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದ. ಅವನ ಮುಖ ನೋಡಲು ಆಗಲಿಲ್ಲ. ಇಲ್ಲಿಯೂ ಮನಸ್ಸಿನಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ಎಲೆಯನ್ನು ಜಗಲಿಯ ಮೇಲಿಟ್ಟು, ಮಗಳನ್ನು ಕೂರಲು ಹೇಳಿದೆ.