ಸೋರದ ಮಡ್‌ಗಾರ್ಡ್

ಅಂಬಾಜಿದುರ್ಗದ ದಾರಿಯಲ್ಲಿ ಬಂಡೆಗೆ ತಾಗಿ ನಮ್ಮ ಇಲಾಖೆಯ ಜೀಪಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಸೀಳಿತು. ಹೊಸದು ಕೇಳಿ ಅರ್ಜಿ ಹಾಕಿದರೆ ಮೇಲಿನವರು ಮಹಾ ಉದಾರವಾಗಿ ಇನ್ನೊಂದು ಅರ್ಜಿ ನಮೂನೆ ಕಳಿಸಿದರು. ಅಷ್ಟರಲ್ಲಿ ಸೀಳಿದ ತುಂಡು ಟೈರನ್ನೇ ತಿನ್ನತೊಡಗಿತ್ತು. ಕೊನೆಗೆ ಮಡ್‌ಗಾರ್ಡ್ ಬಿಚ್ಚಿ, ಚಿಂತಾಮಣಿ ಸಂತೆಯಲ್ಲಿ ಒಡೆದ ಪ್ಲಾಸ್ಟಿಕ್ ಬಿಂದಿಗೆಗಳಿಗೆ ಬೆಸುಗೆ ಹಾಕುವ ಸಾಬರ ಮುಂದಿಟ್ಟೆ. ಅವರು ಕಾದ ಕಬ್ಬಿಣದಿಂದ ಹಸಿರು ಬಿಂದಿಗೆಯ ಚೂರೊಂದನ್ನು ಕರಗಿಸಿ ಸೀಳು ಮುಚ್ಚಿದರು. ಆಮೇಲೆ ಅದನ್ನು ಅಂಗಾತ ಮಲಗಿಸಿ, ಒಂದು ಚೊಂಬು ನೀರು ಸುರಿದು, ಅಡಿಯಲ್ಲಿ ಬಗ್ಗಿ ನೋಡಿದರು.

"ಇದರಲ್ಲಿ ಯಾರೂ ನೀರು ತರಲ್ಲ ಸಾಬ್ರೇ," ಅಂದೆ.

"ಏನಾದ್ರೂ ತನ್ನಿ. ಸೋರೋ ಮಾಲು ನನ್ನ ಕೈಯಿಂದ ಹೋಗಲ್ಲಪ್ಪ."

ಒಂದು ಹನಿಯೂ ಸೋರಲಿಲ್ಲ. ವಾಪಸ್ ಬರುವಾಗ ಮಳೆ ಬಂತು. ಇಲಾಖೆಯ ಇಂಜಿನಿಯರು ಸಹಿ ಹಾಕಿ ಪಾಸು ಮಾಡಿದ್ದ ಜೀಪಿನ ಟಾಪಿನಿಂದ ನೀರು ನೇರ ನನ್ನ ತಲೆ ಮೇಲೆ ಸುರಿಯಿತು.